ಲೂಯಿಸಿಯಾನದ ರೈಲಿನಲ್ಲಿ ಏಳದೆ ಕುಳಿತ ಮಂಗಳೂರಿನ ಹೆಣ್ಣುಮಗಳು

ಇತಿಹಾಸದ ಪಠ್ಯಪುಸ್ತಕಗಳಲ್ಲಿ ನಾವು ಹೆಚ್ಚಾಗಿ ಕಾಣುವುದು ಎದ್ದವರನ್ನು. ದಂಗೆ ಎದ್ದವರು, ಸಭೆಯಲ್ಲಿ ಎದ್ದು ನಿಂತು ಗುಡುಗಿದವರು, ಕತ್ತಿ ಹಿರಿದು ಮೇಲೆದ್ದವರು. ಏಳಲಾರೆನೆಂದು ಕುಳಿತವರ ಕಥೆ ಅಲ್ಲಿ ಕಡಿಮೆ. ಈ ವಾರ ಅಂಥ ಒಬ್ಬರ ವಿಷಯವನ್ನು ಬರೆಯೋಣವೆಂದುಕೊಂಡಿದ್ದೇನೆ. ಅವರ ಹೆಸರು ನಿಮಗೆಲ್ಲ ಗೊತ್ತು: ಕಮಲಾದೇವಿ ಚಟ್ಟೋಪಾಧ್ಯಾಯ. ಕರಕುಶಲ ಕಲೆಗಳ ಪುನರುಜ್ಜೀವನ ಎಂದಾಗ ಮೊದಲು ನೆನಪಾಗುವ ಹೆಸರು ಅದು. ಆದರೆ 1941ರಲ್ಲಿ ಅಮೆರಿಕೆಯ ರೈಲೊಂದರಲ್ಲಿ ಅವರು ಮಾಡಿದ ಒಂದು ಪುಟ್ಟ ಕೆಲಸ ನಮ್ಮ ಜನಕ್ಕೆ ಅಷ್ಟಾಗಿ ತಿಳಿದಿಲ್ಲ. ಆ ಕೆಲಸಕ್ಕೆ ಹಿಡಿದದ್ದು ಕೆಲವೇ ನಿಮಿಷ. ಅದರ ಅರ್ಥವನ್ನು ಬಿಡಿಸಲು ಮಾತ್ರ ನನಗೆ ಅನೇಕ ವರ್ಷಗಳ ಪಾಠವೂ ಸಾಲಲಿಲ್ಲ.

ನಡೆದದ್ದು ಇಷ್ಟು. ಕಮಲಾದೇವಿಯವರು ಅಮೆರಿಕೆಯ ದಕ್ಷಿಣದ ರಾಜ್ಯಗಳಲ್ಲಿ ಪ್ರವಾಸ ಮಾಡುತ್ತಿದ್ದರು. ರೈಲು ಲೂಯಿಸಿಯಾನ ರಾಜ್ಯದಲ್ಲಿತ್ತು. ಅಲ್ಲಿ ಬಿಳಿಯರಿಗೆ ಒಂದು ಬೋಗಿ, ಬಿಳಿಯರಲ್ಲದವರಿಗೆ ಇನ್ನೊಂದು ಬೋಗಿ. ಬಿಳಿಯರಲ್ಲದವರನ್ನು ಅಂದಿನ ಅಮೆರಿಕೆಯಲ್ಲಿ ‘ಬಣ್ಣದವರು’ ಎಂದು ಕರೆಯುತ್ತಿದ್ದರು. ಕಮಲಾದೇವಿಯವರು ಕುಳಿತಿದ್ದದ್ದು ಬಿಳಿಯರ ಬೋಗಿಯಲ್ಲಿ. ಟಿಕೆಟ್ ಕಲೆಕ್ಟರ್ ಬಂದು, ಎದ್ದು ಆ ಕಡೆಯ ಬೋಗಿಗೆ ಹೋಗಬೇಕೆಂದು ಹೇಳಿದ. ಅವರು ಏಳಲಿಲ್ಲ. ಆತ ಹೋದ, ಸ್ವಲ್ಪ ಹೊತ್ತಿಗೆ ಮರಳಿ ಬಂದ. ಈಕೆಯ ಉಡುಗೆತೊಡುಗೆ, ಮಾತಿನ ರೀತಿ ನೋಡಿ ಅವನಿಗೆ ಏನೋ ಸಂಶಯ ಬಂದಿರಬೇಕು. ಎಲ್ಲಿಂದ ಬಂದಿರಿ ಎಂದು ಕೇಳಿದ. ನ್ಯೂಯಾರ್ಕಿನಿಂದ ಎಂದರು ಇವರು. ಅದಲ್ಲ, ನಿಮ್ಮದು ಯಾವ ದೇಶ ಎಂದು ಅವನು ಬಿಡಿಸಿ ಕೇಳಿದ.

ಇಲ್ಲಿ ಅವನು ತಾನಾಗಿಯೇ ಒಂದು ಬಾಗಿಲು ತೆರೆದಿದ್ದ. ‘ಭಾರತ’ ಎಂಬ ಒಂದು ಮಾತು ಆಡಿದ್ದರೆ ಅವನಿಗೂ ನೆಮ್ಮದಿ, ಇವರಿಗೂ ಸೀಟು. ಕಮಲಾದೇವಿಯವರು ಆ ಬಾಗಿಲಿನೊಳಗೆ ಹೋಗಲಿಲ್ಲ. ದೇಶ ಯಾವುದಾದರೆ ಏನು ವ್ಯತ್ಯಾಸ, ನಾನು ಬಣ್ಣದವಳು ಎಂಬುದು ಕಾಣುತ್ತಲೇ ಇದೆ; ನನ್ನನ್ನು ತೊಂದರೆಪಡಿಸುವುದು ವ್ಯರ್ಥ, ಏಕೆಂದರೆ ನಾನು ಏಳುವವಳಲ್ಲ ಎಂಬ ಅರ್ಥದ ಉತ್ತರವನ್ನು ಅವರು ಕೊಟ್ಟರು. ಆ ಮನುಷ್ಯ, ನೀವು ಇಂಡಿಯಾದವರು ಎಂದು ತನಗೆ ತಾನೇ ಗೊಣಗಿಕೊಂಡು ಹೊರಟುಹೋದ. ರೈಲು ಮುಂದೆ ಸಾಗಿತು. ಅಮೆರಿಕೆಯ ಇತಿಹಾಸಕಾರ ನಿಕೋ ಸ್ಲೇಟ್ ಅವರು 2012ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಪ್ರಸಂಗವನ್ನು ಎತ್ತಿ ಚರ್ಚಿಸಿದ ಮೇಲೆ ವಿದ್ವಾಂಸರ ಗಮನ ಇದರ ಕಡೆಗೆ ಹೆಚ್ಚಾಗಿ ಹರಿಯಿತು.

ಈ ಕಥೆಯನ್ನು ನಾನು ಒಮ್ಮೆ ಮಕ್ಕಳಿಗೆ ಹೇಳಿದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ಕೇಳಿದಳು: “ಸಾರ್, ಇಂಡಿಯಾದವಳು ಅಂತ ಹೇಳಿದ್ದರೆ ಅದೇನೂ ಸುಳ್ಳಾಗ್ತಿರಲಿಲ್ಲವಲ್ಲ? ನಿಜ ಹೇಳಿ ಆರಾಮಾಗಿ ಕೂತ್ಕೋಬಹುದಿತ್ತಲ್ಲ?”

ಎಂಥ ಪ್ರಶ್ನೆ! ಹೇಳಿದರೆ ಸುಳ್ಳಲ್ಲ, ಹೇಳದಿದ್ದರೆ ಅಪಾಯ. ಆದರೂ ಹೇಳಲಿಲ್ಲ. ಏಕೆ? ಇದಕ್ಕೆ ಉತ್ತರ ಹುಡುಕಬೇಕಾದರೆ ಎರಡು ದಾರಿಗಳನ್ನು ಹಿಡಿಯಬೇಕು. ಒಂದು, ಆ ಹೆಣ್ಣುಮಗಳು ಎಲ್ಲಿಂದ ಬಂದವರು ಎಂಬುದು. ಇನ್ನೊಂದು, ಆ ರೈಲು ಎಲ್ಲಿಂದ ಬಂದದ್ದು ಎಂಬುದು.

ಮೊದಲಿಗೆ ಅವರ ವಿಷಯ. ಕಮಲಾದೇವಿಯವರು ಹುಟ್ಟಿದ್ದು 1903ರ ಏಪ್ರಿಲ್ 3ರಂದು, ಮಂಗಳೂರಿನಲ್ಲಿ. ತಂದೆ ಅನಂತಯ್ಯ ಧಾರೇಶ್ವರರು ಸರಕಾರದ ದೊಡ್ಡ ಹುದ್ದೆಯಲ್ಲಿದ್ದವರು, ತಾಯಿ ಗಿರಿಜಾಬಾಯಿ. ಮಗಳಿಗೆ ಏಳು ವರ್ಷವಾದಾಗ ತಂದೆ ತೀರಿಕೊಂಡರು. ಉಯಿಲು ಬರೆದಿಟ್ಟಿರಲಿಲ್ಲ. ಅಂದಿನ ಕಾನೂನಿನಂತೆ ಆಸ್ತಿಯೆಲ್ಲ ಮೊದಲ ಹೆಂಡತಿಯ ಮಗನಿಗೆ ಸೇರಿತು. ತಾಯಿ ಮತ್ತು ಹೆಣ್ಣುಮಕ್ಕಳಿಗೆ ಉಳಿದದ್ದು ತಿಂಗಳಿಗಿಷ್ಟು ಎಂಬ ಜೀವನಾಂಶ. ಗಿರಿಜಾಬಾಯಿ ಆ ಜೀವನಾಂಶ ನನಗೆ ಬೇಡವೆಂದರು. ತವರಿನಿಂದ ತಮಗೆ ಬಂದಿದ್ದ ಆಸ್ತಿಯಲ್ಲಿಯೇ ಮಕ್ಕಳನ್ನು ಸಾಕಿದರು. ಕೊಡುವವನ ಮರ್ಜಿಯಿಂದ ಬರುವ ಅನುಕೂಲವನ್ನು ಬೇಡವೆನ್ನುವ ಪಾಠ ಆ ಮನೆಯಲ್ಲಿ ಪುಸ್ತಕದಿಂದ ಬಂದದ್ದಲ್ಲ. ಮಗಳು ಅದನ್ನು ಕಣ್ಣಾರೆ ಕಂಡಳು.

ಹದಿನಾಲ್ಕನೆಯ ವಯಸ್ಸಿಗೆ ಮದುವೆ, ಎರಡೇ ವರ್ಷಕ್ಕೆ ವೈಧವ್ಯ. ಆ ಕಾಲದ ಕರಾವಳಿಯ ಸಾರಸ್ವತ ಮನೆಯ ಬಾಲವಿಧವೆಗೆ ಮುಂದಿನ ಬದುಕು ಏನೆಂಬುದನ್ನು ನಾನು ವಿವರಿಸಬೇಕಾಗಿಲ್ಲ. ಕಮಲಾದೇವಿಯವರು ಮದರಾಸಿನ ಕ್ವೀನ್ ಮೇರೀಸ್ ಕಾಲೇಜಿಗೆ ಓದಲು ಹೋದರು. ಅಲ್ಲಿ ಪರಿಚಯವಾದ ಹರೀಂದ್ರನಾಥ ಚಟ್ಟೋಪಾಧ್ಯಾಯರನ್ನು ಮದುವೆಯಾದರು. ವಿಧವೆಯ ಮರುವಿವಾಹ, ಅದೂ ಬೇರೆ ಭಾಷೆಯ, ಬೇರೆ ಪ್ರಾಂತದವರೊಡನೆ. ಬಂಧುಬಳಗ ಏನೆಂದಿತೋ ಊಹಿಸಿಕೊಳ್ಳಿ. ಇಪ್ಪತ್ತರ ಹೊಸ್ತಿಲಿನಲ್ಲೇ ಈಕೆ ತಮಗೆ ಗೊತ್ತುಪಡಿಸಿದ್ದ ಬೋಗಿಯಲ್ಲಿ ಕೂರಲು ಒಪ್ಪದೆ ಎರಡು ಸಲ ಬೇರೆ ಬೋಗಿ ಹತ್ತಿದ್ದರು ಎನ್ನಬಹುದು.

ಮುಂದೆ ಗಂಡನ ಜೊತೆ ಲಂಡನ್ನಿಗೆ ಹೋಗಿ ಬೆಡ್‌ಫರ್ಡ್ ಕಾಲೇಜಿನಲ್ಲಿ ಸಮಾಜಶಾಸ್ತ್ರ ಓದಿದರು. ಗಾಂಧೀಜಿಯವರ ಅಸಹಕಾರ ಚಳವಳಿಯ ಸುದ್ದಿ ಕಿವಿಗೆ ಬಿದ್ದ ಮೇಲೆ ಭಾರತಕ್ಕೆ ಮರಳಿ ಸೇವಾದಳವನ್ನು ಸೇರಿದರು. ಇಲ್ಲಿ ನಮ್ಮ ಹುಬ್ಬಳ್ಳಿಯ ಮಾತು ಬರುತ್ತದೆ. ಸೇವಾದಳವನ್ನು ಕಟ್ಟಿದವರು ಡಾ. ನಾ. ಸು. ಹರ್ಡೀಕರರು. ಧಾರವಾಡದಲ್ಲಿ 1889ರಲ್ಲಿ ಹುಟ್ಟಿದ ಹರ್ಡೀಕರರು ಅಮೆರಿಕೆಯ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಓದಿದವರು. ಲಾಲಾ ಲಜಪತರಾಯರು 1917ರಲ್ಲಿ ನ್ಯೂಯಾರ್ಕಿನಲ್ಲಿ ಹೋಂ ರೂಲ್ ಲೀಗ್ ಸ್ಥಾಪಿಸಿದಾಗ ಅವರ ಬಲಗೈಯಾಗಿ ನಿಂತು, ಅಮೆರಿಕೆಯ ಊರೂರು ತಿರುಗಿ ಭಾರತದ ಪರವಾಗಿ ಭಾಷಣ ಮಾಡಿದವರು. ಮರಳಿ ಬಂದು ಹುಬ್ಬಳ್ಳಿಯಲ್ಲಿ ಯುವಕರನ್ನು ಕಲೆಹಾಕಿದರು. 1923ರ ನಾಗಪುರದ ಧ್ವಜ ಸತ್ಯಾಗ್ರಹಕ್ಕೆ ಆ ತಂಡ ಹೋಯಿತು. ಜೈಲಿನ ಕಷ್ಟ ತಾಳಲಾರದೆ ಅನೇಕರು ಕ್ಷಮಾಪಣೆ ಬರೆದುಕೊಟ್ಟು ಬಿಡುಗಡೆ ಪಡೆದಾಗ ಹುಬ್ಬಳ್ಳಿಯವರು ಮಾತ್ರ ಬರೆದುಕೊಡಲಿಲ್ಲ. ಆ ಶಿಸ್ತನ್ನು ಕಂಡೇ ಅದೇ ವರ್ಷದ ಡಿಸೆಂಬರಿನ ಕಾಕಿನಾಡ ಕಾಂಗ್ರೆಸ್ಸಿನ ಹೊತ್ತಿಗೆ ಅಖಿಲ ಭಾರತ ಮಟ್ಟದ ಸ್ವಯಂಸೇವಕ ದಳವೊಂದನ್ನು ಹರ್ಡೀಕರರ ಕೈಯಲ್ಲಿ ಕಟ್ಟಿಸುವ ತೀರ್ಮಾನವಾಯಿತು. ಅದರ ಮಹಿಳಾ ವಿಭಾಗದಲ್ಲಿ ದುಡಿದವರು ಉಮಾಬಾಯಿ ಕುಂದಾಪುರ, ಕಮಲಾದೇವಿ ಮೊದಲಾದವರು.

ಸೇವಾದಳದ ಈ ಹಿನ್ನೆಲೆಯನ್ನು ಇಷ್ಟು ವಿವರವಾಗಿ ಹೇಳಿದ್ದಕ್ಕೆ ಕಾರಣವಿದೆ. ಸ್ವಯಂಸೇವಕ ಎಂದರೆ ಯಾರೂ ನೇಮಿಸದೆ ತಾನಾಗಿ ದುಡಿಯುವವನು. ಸಂಬಳವಿಲ್ಲ, ಪದವಿಯಿಲ್ಲ, ಆದ್ದರಿಂದಲೇ ಅವನ ನಡತೆಯೇ ಅವನ ಗುರುತಿನ ಚೀಟಿ. ಕ್ಷಮಾಪಣೆ ಬರೆದುಕೊಟ್ಟರೆ ಮನೆಗೆ ಹೋಗಬಹುದು ಎಂದಾಗ ಬರೆಯದಿರುವುದು, ಒಂದು ಮಾತು ಹೇಳಿದರೆ ಸೀಟು ಸಿಗುತ್ತದೆ ಎಂದಾಗ ಹೇಳದಿರುವುದು, ಇವೆರಡೂ ಒಂದೇ ಗರಡಿಯ ಪಟ್ಟುಗಳು.

ವಿದೇಶದ ನೆಲದಲ್ಲಿ ಕಮಲಾದೇವಿಯವರು ಮಣಿಯದೆ ನಿಂತದ್ದು 1941ರಲ್ಲೇ ಮೊದಲಲ್ಲ. 1929ರ ಜೂನ್ ತಿಂಗಳಲ್ಲಿ ಬರ್ಲಿನ್ನಿನಲ್ಲಿ ಅಂತಾರಾಷ್ಟ್ರೀಯ ಮಹಿಳಾ ಒಕ್ಕೂಟದ ಮಹಾಧಿವೇಶನ ನಡೆಯಿತು. ಪ್ರತಿ ದೇಶದ ಪ್ರತಿನಿಧಿಗಳಿಗೂ ಅವರವರ ಬಾವುಟ. ಭಾರತದ ಹೆಂಗಸರು ಬ್ರಿಟಿಷ್ ಬಾವುಟದಡಿಯಲ್ಲೇ ಇರಬೇಕಾದ ಸ್ಥಿತಿ. ತಮ್ಮದೇ ಬಾವುಟ ಬೇಕೆಂದು ಅವರು ಹಟ ಹಿಡಿದರು. ತಮ್ಮ ಸೀರೆಗಳನ್ನೇ ಹರಿದು ಮೂರು ಬಣ್ಣ ಕೂಡಿಸಿ ಬಾವುಟ ಹೊಲಿದರು. ಆ ತಂಡದಲ್ಲಿ ಕಮಲಾದೇವಿಯವರ ಜೊತೆ ಇದ್ದವರಲ್ಲಿ ಧನವಂತಿ ರಾಮರಾವ್ ಅವರೂ ಒಬ್ಬರು. ಅವರು ಕಾಶ್ಮೀರಿ ಪಂಡಿತ ಮನೆತನದವರಾದರೂ ಹುಟ್ಟಿದ್ದು ನಮ್ಮ ಹುಬ್ಬಳ್ಳಿಯಲ್ಲಿ. ಪತಿ ಬೆನಗಲ್ ರಾಮರಾಯರು ಅಂದು ಬ್ರಿಟಿಷ್ ಸರಕಾರದ ಹಿರಿಯ ಅಧಿಕಾರಿ. 1949ರಿಂದ 1957ರವರೆಗೆ ರಿಸರ್ವ್ ಬ್ಯಾಂಕಿನ ಗವರ್ನರ್ ಆಗಿದ್ದವರು. ಗಂಡ ಆಳುವವರ ಕಚೇರಿಯಲ್ಲಿ, ಹೆಂಡತಿ ಬರ್ಲಿನ್ನಿನಲ್ಲಿ ಬಾವುಟ ಹೊಲಿಯುವವರ ಗುಂಪಿನಲ್ಲಿ! ಮರುವರ್ಷ, 1930ರಲ್ಲಿ, ಕಮಲಾದೇವಿಯವರು ಮುಂಬಯಿಯಲ್ಲಿ ಉಪ್ಪಿನ ಸತ್ಯಾಗ್ರಹಕ್ಕೆ ಇಳಿದರು, ಷೇರು ಪೇಟೆಯೊಳಕ್ಕೇ ಹೊಕ್ಕು ಕಾನೂನುಬಾಹಿರ ಉಪ್ಪನ್ನು ಮಾರಲು ಹೊರಟರು, ಜೈಲು ಸೇರಿದರು.

1939ರಲ್ಲಿ ಅವರು ಯುರೋಪಿನಲ್ಲಿದ್ದಾಗ ಎರಡನೆಯ ಮಹಾಯುದ್ಧ ಸಿಡಿಯಿತು. ಅಲ್ಲಿಂದ ಅಮೆರಿಕೆಗೆ ದಾಟಿದರು. ಯಾವ ಸರಕಾರವೂ ಅವರನ್ನು ಕಳಿಸಿರಲಿಲ್ಲ. ಕೈಯಲ್ಲಿದ್ದದ್ದು ಬ್ರಿಟಿಷ್ ಪ್ರಜೆಯ ಪಾಸ್‌ಪೋರ್ಟು. ಬಾಯಲ್ಲಿದ್ದದ್ದು ಭಾರತದ ಸ್ವಾತಂತ್ರ್ಯದ ಮಾತು. ಊರಿಂದೂರಿಗೆ ತಿರುಗಿ ಭಾಷಣ ಮಾಡಿದರು. ಅಧ್ಯಕ್ಷ ರೂಸ್ವೆಲ್ಟರ ಪತ್ನಿ ಎಲೀನರ್ ರೂಸ್ವೆಲ್ಟರನ್ನು ಕಂಡರು; ಕಪ್ಪು ಜನರ ನಾಯಕರನ್ನೂ ಕಂಡರು. ಆ ಕಾಲದ ಅಮೆರಿಕನ್ನರಿಗೆ ಭಾರತದ ಹೆಣ್ಣೆಂದರೆ ಕ್ಯಾಥರೀನ್ ಮೇಯೋ 1927ರಲ್ಲಿ ಬರೆದ ‘ಮದರ್ ಇಂಡಿಯಾ’ ಪುಸ್ತಕದ ದೀನ ಹೆಣ್ಣು. ಅಂಥ ಸಭಿಕರ ಮುಂದೆ ಸೀರೆಯುಟ್ಟ ಕನ್ನಡ ನಾಡಿನ ಹೆಂಗಸೊಬ್ಬರು ನಿಂತು, ನಿಮ್ಮ ದೇಶದ ಕಪ್ಪು ಜನರ ಪ್ರಶ್ನೆಯೂ ನಮ್ಮ ದೇಶದ ಸ್ವಾತಂತ್ರ್ಯದ ಪ್ರಶ್ನೆಯೂ ಒಂದೇ ದಾರದ ಎರಡು ಎಳೆ ಎಂಬ ನಿಲುವಿನಿಂದ ಮಾತನಾಡಿದಾಗ ಹೇಗೆ ಕಂಡಿತೋ!

ಇನ್ನು ಆ ರೈಲಿನ ವಿಷಯ. ಲೂಯಿಸಿಯಾನ ರಾಜ್ಯವು 1890ರಲ್ಲಿ ಒಂದು ಕಾನೂನು ಮಾಡಿತು: ಬಿಳಿಯರಿಗೂ ಬಣ್ಣದವರಿಗೂ ರೈಲಿನಲ್ಲಿ ‘ಸಮಾನವಾದ ಆದರೆ ಪ್ರತ್ಯೇಕವಾದ’ ವ್ಯವಸ್ಥೆ ಇರತಕ್ಕದ್ದು. ಕೇಳಲು ಎಷ್ಟು ಸಭ್ಯವಾಗಿದೆ ನೋಡಿ. ಇದನ್ನು ಪ್ರಶ್ನಿಸಬೇಕೆಂದು ನ್ಯೂ ಆರ್ಲಿಯನ್ಸ್ ನಗರದ ಕೆಲವು ನಾಗರಿಕರು ಸಮಿತಿ ಕಟ್ಟಿಕೊಂಡರು. ಅವರು ಆರಿಸಿದ್ದು ಹೋಮರ್ ಪ್ಲೆಸ್ಸಿ ಎಂಬ ಯುವಕನನ್ನು. ಪ್ಲೆಸ್ಸಿಯ ಮುತ್ತಜ್ಜ ಮುತ್ತಜ್ಜಿಯರ ಎಂಟು ಪಾಲಿನಲ್ಲಿ ಒಂದು ಪಾಲು ಮಾತ್ರ ಆಫ್ರಿಕದ ಮೂಲದ್ದು. ನೋಡಿದವರು ಬಿಳಿಯನೆಂದೇ ತಿಳಿಯುತ್ತಿದ್ದರು. 1892ರ ಜೂನ್ 7ರಂದು ಅವನು ಮೊದಲ ದರ್ಜೆಯ ಟಿಕೆಟ್ ಕೊಂಡು ಬಿಳಿಯರ ಬೋಗಿಯಲ್ಲಿ ಕುಳಿತ. ಬಾಯಿ ಮುಚ್ಚಿಕೊಂಡಿದ್ದರೆ ಯಾರೂ ಅವನನ್ನು ಮುಟ್ಟುತ್ತಿರಲಿಲ್ಲ. ಅವನಾದರೋ ತಾನು ಬಣ್ಣದವನೆಂದು ತಿಳಿಯಪಡಿಸಿ, ಏಳಲಾರೆನೆಂದ. ಬಂಧನವಾಯಿತು. ಮೊಕದ್ದಮೆ ಅಮೆರಿಕೆಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1896ರ ಮೇ 18ರಂದು ಏಳು ನ್ಯಾಯಾಧೀಶರು ಕಾನೂನು ಸರಿಯೆಂದರು. ಜಾನ್ ಹಾರ್ಲನ್ ಎಂಬ ಒಬ್ಬರು ಮಾತ್ರ ತಪ್ಪೆಂದು ಬರೆದರು. ಆ ತೀರ್ಪಿನ ಬಲದ ಮೇಲೆ ಅರ್ಧ ಶತಮಾನಕ್ಕೂ ಮೀರಿ ಶಾಲೆ, ನೀರಿನ ನಲ್ಲಿ, ಆಸ್ಪತ್ರೆ, ಸ್ಮಶಾನ ಎಲ್ಲವೂ ಎರಡೆರಡಾದವು. ಪ್ರತ್ಯೇಕತೆ ಪೂರ್ತಿ ಜಾರಿಗೆ ಬಂತು. ಸಮಾನತೆ ಕಾಗದದಲ್ಲಿ ಉಳಿಯಿತು.

1937ರಲ್ಲಿ ಆರ್ಥರ್ ಮಿಚೆಲ್ ಎಂಬ ಅಮೆರಿಕನ್ ಸಂಸತ್ತಿನ ಸದಸ್ಯರನ್ನೇ, ಅವರು ಕಪ್ಪು ಜನಾಂಗದವರೆಂಬ ಕಾರಣಕ್ಕೆ, ಆರ್ಕನ್ಸಾ ರಾಜ್ಯದಲ್ಲಿ ಮೊದಲ ದರ್ಜೆಯ ಬೋಗಿಯಿಂದ ಎಬ್ಬಿಸಿದ್ದರು. ಸಂಸತ್ ಸದಸ್ಯನ ಪಾಡೇ ಹೀಗಾದರೆ ಸಾಮಾನ್ಯರ ಪಾಡೇನು? ಕಮಲಾದೇವಿಯವರು ಕುಳಿತದ್ದು ಅಂಥ ಕಾಲದ ರೈಲಿನಲ್ಲಿ. ಪ್ಲೆಸ್ಸಿ ಕುಳಿತ ರಾಜ್ಯದಲ್ಲಿಯೇ. ಅವನು ಕುಳಿತ ನಲವತ್ತೊಂಬತ್ತು ವರ್ಷಗಳ ಮೇಲೆ. ಇಬ್ಬರಿಗೂ ತಪ್ಪಿಸಿಕೊಳ್ಳುವ ದಾರಿಯಿತ್ತು ಎಂಬುದನ್ನು ಗಮನಿಸಬೇಕು. ಅವನಿಗೆ ಮುಖದ ಬಣ್ಣ, ಇವರಿಗೆ ದೇಶದ ಹೆಸರು. ಇಬ್ಬರೂ ಆ ದಾರಿ ಹಿಡಿಯಲಿಲ್ಲ.

ಪ್ಲೆಸ್ಸಿಯ ಬಂಧನವಾಗಿ ಸರಿಯಾಗಿ ಒಂದು ವರ್ಷಕ್ಕೆ, 1893ರ ಜೂನ್ 7ರಂದು, ದಕ್ಷಿಣ ಆಫ್ರಿಕದ ಪೀಟರ್‌ಮಾರಿಟ್ಸ್‌ಬರ್ಗ್ ನಿಲ್ದಾಣದಲ್ಲಿ ಗಾಂಧೀಜಿಯನ್ನು ರೈಲಿನಿಂದ ಹೊರದಬ್ಬಿದರು. ಆ ಕಥೆ ಎಲ್ಲರಿಗೂ ಗೊತ್ತು. ಅದರ ನಂತರದ ಒಂದು ಪುಟವನ್ನು ಮಾತ್ರ ನಾವು ಬೇಗ ಮಗುಚಿಬಿಡುತ್ತೇವೆ. ಡರ್ಬನ್ನಿನ ಅಂಚೆ ಕಚೇರಿಗೆ ಎರಡು ಬಾಗಿಲುಗಳಿದ್ದವು: ಯುರೋಪಿಯನ್ನರಿಗೆ ಒಂದು, ಆಫ್ರಿಕನ್ನರಿಗೂ ಭಾರತೀಯರಿಗೂ ಸೇರಿ ಒಂದು. ತರುಣ ಗಾಂಧಿಯವರೂ ನೇಟಾಲ್ ಇಂಡಿಯನ್ ಕಾಂಗ್ರೆಸ್ಸಿನವರೂ ದೂರು ಕೊಟ್ಟ ಮೇಲೆ 1895ರಲ್ಲಿ ಭಾರತೀಯರಿಗಾಗಿ ಮೂರನೆಯ ಬಾಗಿಲು ಬಂತು. ಗಾಂಧೀಜಿಯವರು ಆ ಹಂತದಲ್ಲಿಯೇ ನಿಂತುಬಿಡಲಿಲ್ಲ, ಬಹಳ ದೂರ ನಡೆದರು; ಆದ್ದರಿಂದಲೇ ಅವರು ಮಹಾತ್ಮರು. ಆದರೆ ಮೂರನೆಯ ಬಾಗಿಲನ್ನು ಕೇಳುವ ಆಸೆ ನಮ್ಮ ಜನರಲ್ಲಿ ಅಲ್ಲಿಗೆ ಮುಗಿಯಲಿಲ್ಲ.

ಭಗತ್ ಸಿಂಗ್ ಥಿಂಡ್ ಎಂಬ ಪಂಜಾಬಿನ ಸಿಖ್ ತರುಣ ಅಮೆರಿಕೆಗೆ ಹೋಗಿ, ಮೊದಲ ಮಹಾಯುದ್ಧದ ಕಾಲದಲ್ಲಿ ಅಲ್ಲಿನ ಸೈನ್ಯದಲ್ಲಿ ಸೇವೆ ಸಲ್ಲಿಸಿದವರು. ಆಗಿನ ಕಾನೂನಿನಂತೆ ವಲಸೆ ಬಂದವರಲ್ಲಿ ಬಿಳಿಯರು ಮತ್ತು ಆಫ್ರಿಕ ಮೂಲದವರು ಮಾತ್ರ ಪೌರತ್ವ ಪಡೆಯಬಹುದಿತ್ತು. ಥಿಂಡ್ ಅವರ ಪರವಾಗಿ ಮಂಡಿಸಿದ ವಾದವೇನು ಗೊತ್ತೇ? ಈತ ಮೇಲ್ಜಾತಿಯ ಆರ್ಯ, ಆದ್ದರಿಂದ ಬಿಳಿಯನೇ, ಕೆಳಗಿನವರನ್ನು ನೀವು ದೂರ ಇಡುವಂತೆಯೇ ಇವರೂ ತಮ್ಮ ದೇಶದಲ್ಲಿ ದೂರ ಇಡುತ್ತಾರೆ! ಜಾತಿಯನ್ನೇ ಯೋಗ್ಯತಾಪತ್ರವಾಗಿ ನ್ಯಾಯಾಲಯದ ಮುಂದೆ ಹಿಡಿದದ್ದು. 1923ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು ಈ ವಾದವನ್ನು ತಳ್ಳಿಹಾಕಿತು. ಅದಾಗಲೇ ಪೌರತ್ವ ಪಡೆದಿದ್ದ ಅನೇಕ ಭಾರತೀಯರಿಂದಲೂ ಅದನ್ನು ಕಸಿದುಕೊಂಡರು. ಭಾರತೀಯರಿಗೆ ಮತ್ತೆ ಆ ಹಕ್ಕು ದೊರೆತದ್ದು 1946ರ ಕಾನೂನಿನಿಂದ. ಥಿಂಡ್ ಅವರನ್ನು ಹಳಿಯಲು ಇದನ್ನು ಹೇಳುತ್ತಿಲ್ಲ. ಮುಳುಗುವವನು ಹುಲ್ಲುಕಡ್ಡಿಯನ್ನೂ ಹಿಡಿಯುತ್ತಾನೆ. ಆದರೆ ಆ ಹುಲ್ಲುಕಡ್ಡಿ ಯಾವುದು ಎಂಬುದನ್ನು ಇತಿಹಾಸದ ವಿದ್ಯಾರ್ಥಿ ನೋಡಲೇಬೇಕು.

ಇದಕ್ಕೆ ಕನ್ನಡಿ ಹಿಡಿದಂಥ ಇನ್ನೊಂದು ಪ್ರಸಂಗ ಸ್ವಾರಸ್ಯವಾಗಿದೆ. ಜೆಸ್ಸಿ ರೌಟೆ ಎಂಬ ನ್ಯೂಯಾರ್ಕಿನ ಕಪ್ಪು ಪಾದ್ರಿ 1947ರಲ್ಲಿ ಅಲಬಾಮಾ ರಾಜ್ಯಕ್ಕೆ ಹೋಗುವಾಗ ತಲೆಗೆ ರುಮಾಲು ಸುತ್ತಿಕೊಂಡು ಹೊರಟರು. ಹಿಂದೊಮ್ಮೆ ಹೋದಾಗ ಅವಮಾನಪಟ್ಟಿದ್ದ ಅದೇ ಮನುಷ್ಯನಿಗೆ ಈ ಬಾರಿ ಹೋದಲ್ಲೆಲ್ಲ ಮರ್ಯಾದೆ. ಯಾರೋ ಪರದೇಶದ ಗಣ್ಯರು ಎಂದುಕೊಂಡು ಉಪಚರಿಸಿದ್ದೇ ಉಪಚರಿಸಿದ್ದು! ಚರ್ಮ ಅದೇ, ಮನುಷ್ಯ ಅದೇ. ನಡುವೆ ಬಂದದ್ದು ಕೆಲವು ಮೊಳ ಬಟ್ಟೆ. ಆ ವ್ಯವಸ್ಥೆ ಎಷ್ಟು ಟೊಳ್ಳೆಂಬುದನ್ನು ಪಾದ್ರಿಗಳು ನಗೆಯಾಡುತ್ತಲೇ ತೋರಿಸಿದರು.

ಈಗ ನಮ್ಮ ಹುಡುಗಿಯ ಪ್ರಶ್ನೆಗೆ ಬರೋಣ. ‘ನಾನು ಭಾರತದವಳು’ ಎಂದಿದ್ದರೆ ಸುಳ್ಳಾಗುತ್ತಿರಲಿಲ್ಲ, ನಿಜ. ಆದರೆ ಅದು ಪ್ರಶ್ನೆಯನ್ನು ಒಪ್ಪಿಕೊಂಡಂತೆ ಆಗುತ್ತಿತ್ತು. ನೀವು ಎಬ್ಬಿಸುತ್ತಿರುವ ಪದ್ಧತಿ ಸರಿ, ನನ್ನನ್ನು ಎಬ್ಬಿಸಿದ್ದು ಮಾತ್ರ ತಪ್ಪು ಎಂದು ಹೇಳಿದಂತೆ ಆಗುತ್ತಿತ್ತು. ಪಕ್ಕದ ಬೋಗಿಯಲ್ಲಿ ಕುಳಿತಿದ್ದವರಿಗೆ ಅಂಥ ಒಂದು ದೇಶದ ಹೆಸರು ಹೇಳಿಕೊಳ್ಳಲು ಇರಲಿಲ್ಲ. ಅವರ ದೇಶ ಅದೇ ಆಗಿತ್ತು. ತನಗೊಬ್ಬಳಿಗೆ ಸಿಗುವ ವಿನಾಯಿತಿಯ ಬೆಲೆಯನ್ನು ಅವರೇ ತೆರಬೇಕು ಎಂಬುದು ಕಮಲಾದೇವಿಯವರಿಗೆ ಆ ಕ್ಷಣದಲ್ಲಿ ಹೊಳೆಯಿತೋ, ಮೊದಲೇ ತೀರ್ಮಾನಿಸಿಕೊಂಡು ಬಂದಿದ್ದರೋ, ಅಂತೂ ಉತ್ತರದಲ್ಲಿ ಅಳುಕಿರಲಿಲ್ಲ.

ಜಾಣರಾದ ನೀವು ಇಲ್ಲೊಂದು ಆಕ್ಷೇಪ ಎತ್ತಬಹುದು. ಕೊನೆಗೂ ಟಿಕೆಟ್ ಕಲೆಕ್ಟರ್ ಬಿಟ್ಟುಹೋದದ್ದು ಈಕೆ ಭಾರತದವರೆಂದು ಅವನಿಗೆ ಅನಿಸಿದ್ದರಿಂದಲೇ ಅಲ್ಲವೇ? ಬೇಡವೆಂದ ವಿನಾಯಿತಿಯೇ ಅವರನ್ನು ಕಾಪಾಡಿತಲ್ಲ? ಅದೇ ಉತ್ತರವನ್ನು ಲೂಯಿಸಿಯಾನದ ಕಪ್ಪು ಹೆಂಗಸು ಕೊಟ್ಟಿದ್ದರೆ ಪೊಲೀಸರು ಬರುತ್ತಿದ್ದರು. ಆಕ್ಷೇಪ ಸರಿಯಾದದ್ದೇ. ಈ ಕಥೆಯನ್ನು ವೀರಗಾಥೆಯಾಗಿ ಹಿಗ್ಗಿಸಬಾರದು ಎಂದು ನಾನು ಅನ್ನುವುದೂ ಅದಕ್ಕೇ. ಆ ದಿನ ಯಾವ ಕಾನೂನೂ ಬದಲಾಗಲಿಲ್ಲ. ಮುಂದಿನ ನಿಲ್ದಾಣದಲ್ಲಿ ಹತ್ತಿದ ಕಪ್ಪು ಪ್ರಯಾಣಿಕ ಹಿಂದಿನಂತೆಯೇ ತನ್ನ ಬೋಗಿಗೆ ಹೋದ. ಆದರೂ ಒಂದು ವ್ಯತ್ಯಾಸವಾಯಿತು. ವಿನಾಯಿತಿಯನ್ನು ಕೊಟ್ಟವನು ಅವನು. ಪಡೆದೆನೆಂದು ರುಜು ಹಾಕಲು ಇವರು ಒಪ್ಪಲಿಲ್ಲ. ತನ್ನ ನಿಯಮವನ್ನು ತಾನೇ ಮುರಿದುಕೊಂಡು, ಅದಕ್ಕೊಂದು ನೆಪವನ್ನೂ ತಾನೇ ಹೇಳಿಕೊಂಡು ಆತ ಹೋಗಬೇಕಾಯಿತು. ಹೊರನಾಡಿನಿಂದ ಬಂದ, ಅಧಿಕಾರವಿಲ್ಲದ ಒಬ್ಬ ಸ್ವಯಂಸೇವಕಿಗೆ ಸಾಧ್ಯವಿದ್ದದ್ದು ಅಷ್ಟೇ. ಸಾಧ್ಯವಿದ್ದಷ್ಟನ್ನು ಅವರು ಮಾಡಿದರು.

ಮುಂದಿನದನ್ನು ಆ ನೆಲದ ಮಕ್ಕಳೇ ಮಾಡಿದರು. 1944ರಲ್ಲಿ ವರ್ಜೀನಿಯಾದಲ್ಲಿ ಐರೀನ್ ಮಾರ್ಗನ್ ಎಂಬ ಹೆಂಗಸು ಬಸ್ಸಿನಲ್ಲಿ ಸೀಟು ಬಿಡಲಿಲ್ಲ. 1946ರಲ್ಲಿ ಸುಪ್ರೀಂ ಕೋರ್ಟು ಆಕೆಯ ಪರವಾಗಿ ತೀರ್ಪಿತ್ತಿತು. 1955ರ ಮಾರ್ಚ್ 2ರಂದು ಮಾಂಟ್ಗೊಮರಿ ನಗರದಲ್ಲಿ ಹದಿನೈದು ವರ್ಷದ ಶಾಲಾ ಬಾಲಕಿ ಕ್ಲಾಡೆಟ್ ಕಾಲ್ವಿನ್ ಏಳಲಿಲ್ಲ. ಅದೇ ವರ್ಷದ ಡಿಸೆಂಬರ್ 1ರಂದು ಅದೇ ನಗರದಲ್ಲಿ ರೋಸಾ ಪಾರ್ಕ್ಸ್ ಏಳಲಿಲ್ಲ. ಅದರ ಹಿಂದೆಯೇ ಬಸ್ಸುಗಳ ಬಹಿಷ್ಕಾರ 381 ದಿನ ನಡೆಯಿತು. ಪ್ಲೆಸ್ಸಿಯ ಮೇಲಿದ್ದ ಅಪರಾಧವನ್ನು ಲೂಯಿಸಿಯಾನದ ಗವರ್ನರ್ ಮನ್ನಿಸಿದ್ದು 2022ರ ಜನವರಿಯಲ್ಲಿ. ಆ ಹೊತ್ತಿಗೆ ಅವನು ಸತ್ತು ಒಂದು ಶತಮಾನ ಸಮೀಪಿಸಿತ್ತು.

ಕಮಲಾದೇವಿಯವರ ಸಮಾಜವಾದಿ ಬಳಗದವರೇ ಆದ ರಾಮಮನೋಹರ ಲೋಹಿಯಾರಿಗೂ ಇಂಥದೇ ಒಂದು ಬಾಗಿಲು ಎದುರಾಯಿತು. ನಮ್ಮ ಶಿವಮೊಗ್ಗ ಜಿಲ್ಲೆಯ ಕಾಗೋಡು ಸತ್ಯಾಗ್ರಹಕ್ಕೆ 1951ರಲ್ಲಿ ಬಂದು ಬಂಧನಕ್ಕೊಳಗಾದ ಲೋಹಿಯಾರು ಅವರೇ. 1964ರ ಮೇ ತಿಂಗಳಲ್ಲಿ ಮಿಸಿಸಿಪ್ಪಿ ರಾಜ್ಯದ ಜ್ಯಾಕ್ಸನ್ ನಗರದಲ್ಲಿ ಅವರನ್ನು ಒಂದು ಉಪಾಹಾರ ಗೃಹದೊಳಗೆ ಬಿಡಲಿಲ್ಲ. ಮರುದಿನ ಮುಂಚಿತವಾಗಿ ತಿಳಿಸಿ ಮತ್ತೆ ಅಲ್ಲಿಗೇ ಹೋದರು; ಪಂಚೆಯುಟ್ಟಿದ್ದ ಲೋಕಸಭಾ ಸದಸ್ಯರನ್ನು ಪೊಲೀಸರು ವ್ಯಾನಿನಲ್ಲಿ ಕರೆದೊಯ್ದರು. ಅಮೆರಿಕೆಯ ಸರಕಾರ ಕ್ಷಮೆ ಕೇಳಲು ಮುಂದಾದಾಗ ಅವರ ನಿಲುವೂ ಅದೇ: ಪ್ರಶ್ನೆ ಒಬ್ಬ ವಿದೇಶಿ ಅತಿಥಿಯದಲ್ಲ. ಅದಾದ ಐದಾರು ವಾರಗಳಲ್ಲಿ, ಜುಲೈ 2ರಂದು, ಸಾರ್ವಜನಿಕ ಸ್ಥಳಗಳಲ್ಲಿ ಬಣ್ಣಭೇದವನ್ನು ನಿಷೇಧಿಸುವ ನಾಗರಿಕ ಹಕ್ಕುಗಳ ಕಾಯಿದೆಗೆ ಅಲ್ಲಿನ ಅಧ್ಯಕ್ಷರ ಸಹಿ ಬಿತ್ತು.

ಕಮಲಾದೇವಿಯವರು ಅಮೆರಿಕೆಯಿಂದ ಜಪಾನ್, ಚೀನಗಳನ್ನು ಕಂಡು ಮನೆಗೆ ಮರಳಿದರು. ಸ್ವಾತಂತ್ರ್ಯ ಬಂದ ಮೇಲೆ ನಿರಾಶ್ರಿತರಿಗೆ ಫರೀದಾಬಾದಿನಲ್ಲಿ ನೆಲೆ ಕಟ್ಟುವ ಕೆಲಸಕ್ಕೆ ಕೈಹಾಕಿದರು; 1952ರಲ್ಲಿ ಆರಂಭವಾದ ಅಖಿಲ ಭಾರತ ಕರಕುಶಲ ಮಂಡಳಿಯ ಚುಕ್ಕಾಣಿ ಹಿಡಿದರು. 1966ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ, 1987ರಲ್ಲಿ ಪದ್ಮವಿಭೂಷಣ. 1988ರ ಅಕ್ಟೋಬರ್ 29ರಂದು ತೀರಿಕೊಂಡರು. ಅಷ್ಟು ದೊಡ್ಡ ಬದುಕಿನಲ್ಲಿ ರೈಲಿನ ಪ್ರಸಂಗ ಒಂದು ಚುಕ್ಕೆ. ಆದರೆ ನನ್ನಂಥ ಮೇಷ್ಟರಿಗೆ ಆ ಚುಕ್ಕೆ ಬಹಳ ಉಪಯೋಗಕ್ಕೆ ಬಂದಿದೆ. ಏಕೆಂದರೆ ಸಂಸ್ಥೆ ಕಟ್ಟುವುದು ಎಲ್ಲರ ಪಾಲಿಗೂ ಬರುವುದಿಲ್ಲ. ಟಿಕೆಟ್ ಕಲೆಕ್ಟರನ ಪ್ರಶ್ನೆ ಎಲ್ಲರಿಗೂ ಒಂದಲ್ಲ ಒಂದು ದಿನ ಎದುರಾಗುತ್ತದೆ.

ಎದುರಾಗುವುದು ಹೊರದೇಶದಲ್ಲಿಯೇ ಆಗಬೇಕಿಲ್ಲ. ನಮ್ಮ ಬಿಳೇಕಹಳ್ಳಿ ಹೆಸರಿಗೆ ಹಳ್ಳಿ. ಬನ್ನೇರುಘಟ್ಟ ರಸ್ತೆಯ ಎರಡು ಬದಿಗೂ ಈಗ ಅಪಾರ್ಟ್‌ಮೆಂಟುಗಳ ಸಾಲು. ದೇಶದ ಎಲ್ಲ ಮೂಲೆಗಳ ಮಕ್ಕಳೂ ಇಲ್ಲಿ ಬಾಡಿಗೆಗೆ ಮನೆ ಹುಡುಕುತ್ತಾರೆ. ಮನೆ ತೋರಿಸುವ ಮೊದಲು ಬಾಡಿಗೆ ಎಷ್ಟು, ಅಡ್ವಾನ್ಸ್ ಎಷ್ಟು ಎಂಬ ಮಾತಾಗುವುದು ಸಹಜ. ಅದಕ್ಕೂ ಮೊದಲು ಎಷ್ಟೋ ಕಡೆ ಒಂದು ಪ್ರಶ್ನೆ ಬರುತ್ತದೆ: “ನೀವು ಯಾವ ಜನ?” ಎಂಥ ಮೃದುವಾದ ಮಾತು! ಲೂಯಿಸಿಯಾನದ ‘ಸಮಾನವಾದ ಆದರೆ ಪ್ರತ್ಯೇಕವಾದ’ ಎಂಬುದರಷ್ಟೇ ಸಭ್ಯ. ಸರಿಯಾದ ಉತ್ತರ ಇರುವವನಿಗೆ ಆ ಪ್ರಶ್ನೆ ಕಚ್ಚುವುದೇ ಇಲ್ಲ. ಉತ್ತರ ಹೇಳುತ್ತಾನೆ, ಬೀಗದ ಕೈ ಸಿಗುತ್ತದೆ. ನಿಜವನ್ನೇ ಹೇಳಿದನಲ್ಲ, ತಪ್ಪೇನು? ತಪ್ಪೇನೆಂಬುದು ಅವನ ಹಿಂದೆ ಬಂದು, ಬೇರೆ ಉತ್ತರ ಹೇಳಿ, ಬರಿಗೈಯಲ್ಲಿ ಮೆಟ್ಟಿಲಿಳಿದವನಿಗೆ ಗೊತ್ತು.

ಕೆಲವು ವರ್ಷಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಸಹೋದ್ಯೋಗಿ ಗೆಳತಿಯೊಡನೆ ಇದೇ ಆಸುಪಾಸಿನಲ್ಲಿ ಮನೆ ನೋಡಲು ಹೋಗಿದ್ದಳು. ಮನೆಯವರು ಇವಳನ್ನು ಮಾತ್ರ ಪಕ್ಕಕ್ಕೆ ಕರೆದು, “ನಿಮಗಾದರೆ ಕೊಡ್ತೀವಮ್ಮ, ನೀವು ನಮ್ಮವರೇ. ಅವರಾದರೆ ಬೇಡ” ಎಂದರಂತೆ. ಇವಳು ಜಗಳವಾಡಲಿಲ್ಲ, ಭಾಷಣ ಮಾಡಲಿಲ್ಲ. “ಅವಳು ಯಾವ ಜನವೋ ನಾನೂ ಅದೇ ಜನ ಅಂತ ಬರ್ಕೊಳ್ಳಿ” ಎಂದು ಹೇಳಿ ಗೆಳತಿಯ ಜೊತೆ ಇಳಿದು ಬಂದಳಂತೆ. ಆ ಮೇಲೆ ಮನೆ ಸಿಗಲು ಇಬ್ಬರಿಗೂ ಒಂದೂವರೆ ತಿಂಗಳು ಹಿಡಿಯಿತು, ಅಲ್ಲಿಯವರೆಗೆ ಪಿ.ಜಿ.ಯಲ್ಲಿ ಒಂದೇ ಕೋಣೆಯಲ್ಲಿದ್ದರು. ಇದನ್ನು ಅವಳು ಫೋನಿನಲ್ಲಿ ಹೇಳಿದ್ದು ಬೇರೇನೋ ಮಾತಿನ ನಡುವೆ, ಬಾಡಿಗೆ ಎಷ್ಟು ದುಬಾರಿಯಾಗಿದೆ ಎಂದು ದೂರುತ್ತ. ತಾನು ಏನೋ ದೊಡ್ಡದು ಮಾಡಿದೆನೆಂಬ ಭಾವ ಅವಳಲ್ಲಿ ಇರಲಿಲ್ಲ.

ನಿಮ್ಮಲ್ಲಿ ಎಷ್ಟೋ ಮಂದಿ ಈಗ ಅಮೆರಿಕೆ, ಇಂಗ್ಲೆಂಡು, ಕೊಲ್ಲಿ ದೇಶಗಳಲ್ಲಿದ್ದೀರಿ. ಆ ನೆಲಗಳಲ್ಲಿ ಎಲ್ಲಿಂದ ಬಂದಿರಿ ಎಂಬ ಪ್ರಶ್ನೆಯನ್ನು ಎದುರಿಸುವವರೂ ನೀವೇ. ರಜೆಗೆ ಊರಿಗೆ ಬಂದಾಗ ನಿಮ್ಮ ಮನೆಯನ್ನು ಬಾಡಿಗೆಗೆ ಕೊಡುವಾಗ ಯಾವ ಜನ ಎಂದು ಕೇಳಬಹುದಾದವರೂ ನೀವೇ. ಕಮಲಾದೇವಿಯವರ ಪ್ರಸಂಗ ಎರಡೂ ಕಡೆಗೆ ಸಲ್ಲುತ್ತದೆ. ಪ್ರಶ್ನೆ ಕೇಳುವವನು ನಮಗೆ ಮಾತ್ರ ಒಂದು ಬಾಗಿಲು ತೆರೆದಾಗ, ಪಕ್ಕದ ಬೋಗಿಯಲ್ಲಿ ಯಾರಿದ್ದಾರೆಂದು ಒಮ್ಮೆ ತಿರುಗಿ ನೋಡಿ ಆಮೇಲೆ ಉತ್ತರ ಕೊಟ್ಟರೆ ಸಾಕು.